ಹುಲ್ಲಣ್ಣನ ಬಿಡುಗಡೆ

ನಾನು ಮೊದಲ ಸಲ ಅವರನ್ನು ನೋಡಿದ್ದು ಒಂದು ಫುಟ್‌ಬಾಲ್ ಪಂದ್ಯಕ್ಕೆ ಗಂಟೆ ಮುಂಚೆ. ಖಾಲಿ ಮೈದಾನದ ನಡುವೆ ಐವತ್ತು ದಾಟಿದ ಒಬ್ಬರು ಮಂಡಿಯೂರಿ, ಅಂಗೈ ನೆಲಕ್ಕೊತ್ತಿ, ಕಣ್ಣು ಮುಚ್ಚಿ ಕೂತಿದ್ದರು. ಕೈಯಲ್ಲಿದ್ದ ಆಟಗಾರರ ಪಟ್ಟಿ ತಿರುವಿದೆ. ಮೂವತ್ತು ಹೆಸರು ಹುಡುಗರದು. ಮೂವತ್ತೊಂದನೆಯದರ ಎದುರು ವಯಸ್ಸು ಐವತ್ತೆರಡು ಅಂತಿತ್ತು. ಸರಿ, ಇವರೇ ಅಂದುಕೊಂಡೆ. ಮರುದಿನದ ಪತ್ರಿಕೆಯಲ್ಲಿ ‘ತಾನು ಬೆವರು ಸುರಿಸಿದ ನೆಲದೊಂದಿಗೆ ಮೌನವಾಗಿ ಮಾತಾಡುವ ಹಿರಿಯ ಆಟಗಾರ’ ಎಂದು ಅರ್ಧ ಕಾಲಂ ಬರೆದೆ. ಬರೆದದ್ದನ್ನು ಎರಡು ಸಲ ಓದಿಕೊಂಡು ಕಣ್ಣೊರೆಸಿಕೊಂಡದ್ದೂ ಉಂಟು.

ವಾರ ಬಿಟ್ಟು ಅವರೇ ಎದುರಾದರು. “ಮಾತಾಡ್ತಿರಲಿಲ್ಲ ಸಾರ್. ನೆಲದೊಳಗಿನ ಪೈಪು ಎಲ್ಲೋ ಒಡೆದಿತ್ತು. ಒದ್ದೆ ಎಲ್ಲಿದೆ ಅಂತ ಮುಟ್ಟಿ ನೋಡ್ತಿದ್ದೆ.”

ಅವರು ಮೈದಾನದ ಹುಲ್ಲು ನೋಡಿಕೊಳ್ಳುವವರು. ಆಟಗಾರರ ಬಾಯಲ್ಲಿ ಹುಲ್ಲಣ್ಣ. ಜೀವಮಾನದಲ್ಲಿ ಒಂದು ಚೆಂಡನ್ನೂ ಒದ್ದವರಲ್ಲ. ಕಾಲ ಬಳಿ ಉರುಳಿ ಬಂದರೆ ಕೈಯಲ್ಲೆತ್ತಿ, ಮಗುವನ್ನು ಕೂರಿಸುವಂತೆ ಗೆರೆಯಾಚೆ ಇಟ್ಟು ಬರುತ್ತಿದ್ದರು.

ಹಾಗಿದ್ದವರು ಮೂವತ್ತೊಂದನೇ ಆಟಗಾರ ಹೇಗಾದರು ಅಂದರೆ, ಹನ್ನೊಂದು ವರ್ಷದ ಹಿಂದೆ ಅವರು ಕೆಲಸಕ್ಕೆ ಸೇರಿದ ದಿನ ಕ್ಲಬ್ಬಿನ ಕಚೇರಿಯಲ್ಲಿ ಇದ್ದದ್ದು ಒಂದೇ ಬಗೆಯ ಕರಾರು ಪತ್ರ. ಅದು ಆಟಗಾರರಿಗಾಗಿ ಅಚ್ಚು ಹಾಕಿಸಿದ್ದು. ಇನ್ನೊಂದು ಬರೆಸಲು ಗುಮಾಸ್ತನಿಗೆ ಸೋಮಾರಿತನ. ಹೀಗಾಗಿ ಹುಲ್ಲಣ್ಣ ಬೆಟ್ಟ ಹತ್ತುವಂತಿಲ್ಲ, ಮೋಟರ್ ಬೈಕ್ ಓಡಿಸುವಂತಿಲ್ಲ, ತಿಂಗಳ ಮೊದಲ ಸೋಮವಾರ ತೂಕ ನೋಡಿಸಬೇಕು, ತಂಡದ ಫೋಟೋದಲ್ಲಿ ನಿಲ್ಲಬೇಕು. ತೂಕ ಹೆಚ್ಚಾಯಿತೆಂದು ಒಮ್ಮೆ, ಫೋಟೋಕ್ಕೆ ಗಮ್‌ಬೂಟಿನಲ್ಲಿ ಬಂದರೆಂದು ಇನ್ನೊಮ್ಮೆ ದಂಡವನ್ನೂ ತೆತ್ತಿದ್ದರು.

ಆ ಕರಾರಿನಲ್ಲಿ ಬಿಡುಗಡೆಯ ಷರತ್ತು ಎಂಬುದೊಂದು ಇತ್ತು. ಬೇರೆ ಕ್ಲಬ್ಬು ಇಂತಿಷ್ಟು ಹಣ ಕಟ್ಟಿದರೆ, ಆಟಗಾರನೂ ಒಪ್ಪಿದರೆ, ಈ ಕ್ಲಬ್ಬು ತುಟಿ ಪಿಟಕ್ಕೆನ್ನದೆ ಅವನನ್ನು ಬಿಟ್ಟುಕೊಡಬೇಕು. ದೊಡ್ಡ ಆಟಗಾರರಿಗೆ ಅಲ್ಲಿ ತಲೆ ತಿರುಗುವಂಥ ಮೊತ್ತ ಇರುತ್ತದೆ. ಹುಲ್ಲಣ್ಣನ ಕರಾರಿನಲ್ಲಿ ಏನು ಬರೆಯೋಣ ಎಂದು ಗುಮಾಸ್ತ ಕೇಳಿದಾಗ ಅಧ್ಯಕ್ಷರ ಮೇಜಿನ ಮೇಲೆ ಹುಲ್ಲು ಕತ್ತರಿಸುವ ಯಂತ್ರದ ಬೆಲೆಪಟ್ಟಿ ಇತ್ತಂತೆ. “ಅದನ್ನೇ ಬರಿ. ಇವನು ಹೋದರೆ ಮೆಷೀನ್ ತರೋಣ” ಎಂದು ಅಧ್ಯಕ್ಷರು ಹೊಟ್ಟೆ ಕುಣಿಸಿ ನಕ್ಕರು. ಮೂರು ವರ್ಷಕ್ಕೊಮ್ಮೆ ಅದೇ ಪತ್ರಕ್ಕೆ ಹೊಸ ತಾರೀಕು ಬೀಳುತ್ತಿತ್ತು. ಒಳಗಿರುವುದನ್ನು ಓದುವ ಗೋಜಿಗೆ ಯಾರೂ ಹೋಗಲಿಲ್ಲ.

ಅಧ್ಯಕ್ಷರ ಬಗ್ಗೆ ಎರಡು ಮಾತು. ಅವರ ಕಚೇರಿಯಲ್ಲಿ ಅವರದೇ ಏಳು ಫೋಟೋಗಳಿದ್ದವು. ಎಂಟನೆಯದಕ್ಕೆ ಮೊಳೆ ಹೊಡೆದು ಇಟ್ಟಿತ್ತು. ಗಾಜಿನ ಕಪಾಟಿನಲ್ಲಿ ನಾಲ್ಕು ಕಪ್ಪುಗಳು. ಬಂದವರಿಗೆಲ್ಲ “ನಾನು ಬಂದ ಮೇಲೆ ಗೆದ್ದಿದ್ದು” ಎಂದು ತೋರಿಸುತ್ತಿದ್ದರು. ಹತ್ತಿರ ಹೋಗಿ ಓದಿದರೆ ನಾಲ್ಕರಲ್ಲೂ ‘ಅತ್ಯುತ್ತಮ ಮೈದಾನ’ ಎಂದಿತ್ತು. ಹುಡುಗರು ಆಡಿ ಗೆದ್ದದ್ದು ಆ ಕಪಾಟಿನಲ್ಲಿ ಏನೂ ಇರಲಿಲ್ಲ.

ಹುಲ್ಲಣ್ಣನದು ಮೈದಾನದ ಗೇಟಿನ ಪಕ್ಕದ ಕೋಣೆಯಲ್ಲಿ ವಾಸ. ಒಂದು ಮಂಚ, ಒಂದು ಸ್ಟೌವ್, ಗೊಬ್ಬರದ ಮೂಟೆಗಳು. ಹೆಂಡತಿ ಮೂರು ಗಂಟೆ ರೈಲಿನ ದಾರಿಯ ಇನ್ನೊಂದು ಊರಿನ ಆಸ್ಪತ್ರೆಯಲ್ಲಿ ನರ್ಸು. ಇವರಿಗೆ ರಜೆ ಮಂಗಳವಾರ ಮಾತ್ರ. ಆಕೆಗೆ ಮಂಗಳವಾರ ಡ್ಯೂಟಿ ಬಿದ್ದರೆ ಅದೂ ಹೋಯಿತು. ಹನ್ನೊಂದು ವರ್ಷ ಹೀಗೇ. “ನಮ್ಮದು ಸಂಸಾರನೋ, ಹೊರಗಿನ ಊರಲ್ಲಿ ಆಡೋ ಮ್ಯಾಚೋ?” ಎಂದು ಆಕೆ ಫೋನಿನಲ್ಲಿ ಕೇಳುತ್ತಿದ್ದಳು. ಮೊದಮೊದಲು ನಗುತ್ತ ಕೇಳುತ್ತಿದ್ದವಳು ಈಚೆಗೆ ನಗು ಬಿಟ್ಟು ಕೇಳತೊಡಗಿದ್ದಳು.

ಆ ವರ್ಷ ಆಕೆಯ ಊರಿನ ಕ್ಲಬ್ಬು ಹೊಸ ಮೈದಾನ ಕಟ್ಟಿಸಿ, ಹುಲ್ಲಿಗೆ ಇವರೇ ಬೇಕೆಂದು ಹಟ ಹಿಡಿಯಿತು. ಕರಾರಿಗೆ ಇನ್ನೂ ಒಂದು ವರ್ಷ ಬಾಕಿ. ನಡುವೆ ಬಿಟ್ಟು ಹೋದರೆ ಫುಟ್‌ಬಾಲ್ ಒಕ್ಕೂಟದ ಯಾವ ಕ್ಲಬ್ಬೂ ಸೇರಿಸಿಕೊಳ್ಳುವಂತಿಲ್ಲ. ಕೇಳಿದ್ದಕ್ಕೆ ಅಧ್ಯಕ್ಷರು “ಸಾಧ್ಯವೇ ಇಲ್ಲ” ಅಂದರು. ಆಗ ಕ್ಲಬ್ಬಿನ ಕಾರ್ಯದರ್ಶಿ ಮೇಡಂ ಹಳೇ ಫೈಲು ತೆಗೆದು ಓದಿದವರು, ಕುರ್ಚಿಯಲ್ಲಿ ಕೂತಲ್ಲೇ ನಕ್ಕು ನಕ್ಕು ಸುಸ್ತಾದರು.

“ಹುಲ್ಲಣ್ಣ, ನಿಮಗೂ ಬಿಡುಗಡೆ ಷರತ್ತಿದೆ ಕಣ್ರೀ. ಹನ್ನೊಂದು ವರ್ಷದ ಹಿಂದಿನ ರೇಟು!”

ಆ ಊರಿನ ಕ್ಲಬ್ಬು ಮಾರನೇ ದಿನವೇ ಒಕ್ಕೂಟದಲ್ಲಿ ಹಣ ಕಟ್ಟಿತು. ಉಳಿದದ್ದು ಒಂದೇ: ನೋಟಿಸು ಈ ಕ್ಲಬ್ಬಿನ ಕೈಸೇರಿ, ತಲುಪಿತೆಂದು ಸಹಿ ಮತ್ತು ಮೊಹರು ಬೀಳಬೇಕು. ಆಟಗಾರರು ಕ್ಲಬ್ಬು ಬದಲಿಸುವ ಅವಧಿ ಮುಗಿಯಲು ಮೂರು ದಿನ. ಕೊನೆಯ ದಿನ ಸಂಜೆ ಐದು ದಾಟಿದರೆ ಮತ್ತೆ ಒಂದು ವರ್ಷ ಮಂಗಳವಾರಗಳು.

ಅಧ್ಯಕ್ಷರು ಮಾಯವಾದರು. ಮೊದಲ ದಿನ ನೋಟಿಸು ಹಿಡಿದು ಬಂದ ಆ ಊರಿನ ಮನುಷ್ಯನಿಗೆ “ಸಾಹೇಬರು ಊರಲ್ಲಿಲ್ಲ” ಎಂಬ ಉತ್ತರ ಸಿಕ್ಕಿತು. ಎರಡನೇ ದಿನವೂ ಅದೇ. ಅವರಿಲ್ಲದೆ ಒಂದು ಕಾಗದವನ್ನೂ ಮುಟ್ಟಕೂಡದೆಂದು ಕಚೇರಿಗೆಲ್ಲ ಅಪ್ಪಣೆಯಾಗಿತ್ತು. ಮೇಡಂ ಕೈ ಕಟ್ಟಿ ಕೂತರು. ಬೇರೆ ದಾರಿ ಕಾಣದೆ ಆ ಮನುಷ್ಯ ನೋಟಿಸನ್ನು ರಿಜಿಸ್ಟರ್ ಅಂಚೆಗೆ ಹಾಕಿ ರೈಲು ಹತ್ತಿದ.

ಮೂರನೇ ದಿನ ಮಧ್ಯಾಹ್ನ ಎರಡು ನಲವತ್ತಕ್ಕೆ ಪೋಸ್ಟ್‌ಮ್ಯಾನ್ ಗೇಟಿಗೆ ಬಂದ. ಗೇಟಿಗೆ ಬಂದ ಅಂಚೆಯನ್ನೆಲ್ಲ ಹನ್ನೊಂದು ವರ್ಷದಿಂದ ಸಹಿ ಹಾಕಿ ತೆಗೆದುಕೊಳ್ಳುತ್ತಿದ್ದದ್ದು ಹುಲ್ಲಣ್ಣನೇ. ಮೊಹರು ಅವರ ಕೋಣೆಯ ಕಿಟಕಿಯ ಮೇಲೆ, ಬೀಜದ ಡಬ್ಬಿಗಳ ನಡುವೆ ಇರುತ್ತಿತ್ತು. ಕಚೇರಿಗೆಲ್ಲ ಹೋದ ಅಪ್ಪಣೆ ಗೇಟಿನ ಕೋಣೆಗೆ ಬಂದಿರಲಿಲ್ಲ. ಅಲ್ಲಿರುವವನನ್ನು ಕಚೇರಿ ಎಂದು ಅಧ್ಯಕ್ಷರು ಎಣಿಸಿಯೇ ಇರಲಿಲ್ಲ.

ಲಕೋಟೆಯ ಮೇಲಿದ್ದ ಕಳಿಸಿದವರ ಹೆಸರನ್ನು ಹುಲ್ಲಣ್ಣ ಅಕ್ಷರ ಅಕ್ಷರವಾಗಿ ಓದಿದರಂತೆ. ಪೋಸ್ಟ್‌ಮ್ಯಾನ್ “ಬೇಗ ಅಣ್ಣಾ, ಇನ್ನೂ ಎರಡು ಬೀದಿ ಇದೆ” ಅಂದ. ಅವರು ಹೋಗಿ ಕೈಯ ಮಣ್ಣು ತೊಳೆದು ಬಂದರು. ಸಹಿ ಹಾಕಿದರು. ಮೊಹರು ಒತ್ತಿದರು. ಗಂಟೆ ಬರೆದರು. ಆಮೇಲೆ ನೇರ ಚೆಂಡುಗಳ ಉಗ್ರಾಣಕ್ಕೆ ನಡೆದು ಬೀಗ ತೆಗೆದರು. ಬೀಗದ ಕೈ ಇನ್ಯಾರ ಬಳಿ ಇರುತ್ತೆ? ತಾವೇ ಹೇಳಿ ಹೊರಗಿನಿಂದ ಬೀಗ ಹಾಕಿಸಿಕೊಂಡಿದ್ದ ಅಧ್ಯಕ್ಷರು ಚೆಂಡಿನ ಚೀಲದ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದರು.

“ಸಾರ್, ನಿಮಗೊಂದು ಕಾಗದ.”

“ನಾನಿಲ್ಲ ಅಂತ ಹೇಳೋ!”

“ಹೇಳಿದೆ ಸಾರ್. ಅದಕ್ಕೇ ನಾನೇ ಸಹಿ ಹಾಕಿದೆ.”

ಅಧ್ಯಕ್ಷರು ಬಿಸ್ಕತ್ತಿನ ಪುಡಿ ಕೊಡವಿಕೊಂಡು ಕಚೇರಿಗೆ ಬಂದು ಮೇಜು ಗುದ್ದಿದರು. “ಅವನ ಸಹಿ ನಡೆಯಲ್ಲ! ಅದಿರಲಿ, ಈ ಷರತ್ತು ಆಟಗಾರರಿಗೆ. ಇವನು ಯಾವ ಸೀಮೆ ಆಟಗಾರ?”

ಮೇಡಂ ಕನ್ನಡಕ ಸರಿ ಮಾಡಿಕೊಂಡರು. “ಈ ನಾಲ್ಕು ಕಪ್ಪಿಗೆ ಕರೆಯೋಲೆ ಬಂದಾಗಲೂ ಗೇಟಲ್ಲಿ ಸಹಿ ಹಾಕಿದ್ದು ಅವರೇ ಸಾರ್. ಅದು ನಡೆದಿದ್ರೆ ಇದೂ ನಡೆಯುತ್ತೆ. ಇನ್ನು ಆಟಗಾರನಲ್ಲ ಅಂದ್ರೆ, ತೂಕ ಹೆಚ್ಚಾಯ್ತು ಅಂತ ದಂಡ ಹಾಕಿದ್ರಲ್ಲ, ಅದು ಯಾರಿಗೆ? ಹುಲ್ಲಿಗಾ?”

ಅಧ್ಯಕ್ಷರು ಕುಸಿದು ಕೂತರು. ನನಗೆ ಅವರ ಮೇಲೆ ಕನಿಕರ ಹುಟ್ಟಿದ್ದು ಮುಂದಿನ ಮಾತು ಕೇಳಿದಾಗ. “ಹೋಗಬೇಡವೋ” ಅಂದರಂತೆ, ಹಿಂದೆಯೇ ಬಂದಿದ್ದ ಹುಲ್ಲಣ್ಣನಿಗೆ, ಮೆತ್ತಗೆ. “ನಮ್ಮ ಹತ್ರ ತೋರಿಸೋಕೆ ಇನ್ನೇನಿದೆ ಹೇಳು? ಈ ಕಪ್ಪುಗಳೆಲ್ಲ ನಿನ್ನವೇ ಕಣೋ.”

“ನನ್ನದಾದ್ರೆ ಒಂದು ಕೊಡಿ ಸಾರ್. ಮನೆಯವಳಿಗೆ ತೋರಿಸ್ತೀನಿ.”

ಅಧ್ಯಕ್ಷರು ಬಹಳ ಯೋಚಿಸಿ, ಎಲ್ಲಕ್ಕಿಂತ ಚಿಕ್ಕದನ್ನು ತೆಗೆದುಕೊಟ್ಟರು.

ಮೂರು ತಿಂಗಳ ಮೇಲೆ ನಾನು ಆ ಊರಿನ ಹೊಸ ಮೈದಾನಕ್ಕೆ ಹೋಗಿದ್ದೆ. ಹುಲ್ಲಣ್ಣ ಗೋಲಿನ ಮುಂದೆ ಕೂತು ಸವೆದ ಜಾಗಕ್ಕೆ ಬೀಜ ಒತ್ತುತ್ತಿದ್ದರು. ಡ್ಯೂಟಿ ಮುಗಿಸಿ ಬಂದಿದ್ದ ಹೆಂಡತಿ ಬದಲಿ ಆಟಗಾರರ ಬೆಂಚಿನಲ್ಲಿ ಚಪ್ಪಲಿ ಬಿಟ್ಟು, ಕಾಲು ಚಾಚಿ, ಡಬ್ಬಿಯಿಂದ ಏನೋ ತಿನ್ನುತ್ತ “ಅಲ್ಲೊಂದು ಕಡೆ ಬಿಟ್ರಿ ನೋಡಿ” ಎಂದು ಕೂತಲ್ಲಿಂದಲೇ ಉಸ್ತುವಾರಿ ಮಾಡುತ್ತಿದ್ದಳು. ನೋಡಿ ನನ್ನೊಳಗಿನ ಲೇಖಕ ಎಚ್ಚೆತ್ತ. ಅರ್ಧ ಕಾಲಂ ಉಕ್ಕಿ ಬಂತು. ಹತ್ತಿರ ಹೋಗಿ, ದನಿ ತಗ್ಗಿಸಿ ಕೇಳಿದೆ:

“ಹನ್ನೊಂದು ವರ್ಷ ಸಾಕಿದ ಆ ಹಳೇ ಹುಲ್ಲು ಈಗಲೂ ಕನಸಲ್ಲಿ ಬರುತ್ತಾ?”

ಹುಲ್ಲಣ್ಣ ತಲೆಯೆತ್ತಲಿಲ್ಲ.

“ಇವಳು ಗೊರಕೆ ಹೊಡೀತಾಳೆ ಸಾರ್. ನಿದ್ದೆ ಬಂದರೆ ತಾನೆ ಕನಸು?”