ತಿಜಾನಿ ಹಿಡಿದಿದ್ದ ಮಟ್ಟೆ

ತೊರ್ಕಿಯಾ ಸತ್ತ ಗಂಡ ತಿಜಾನಿಯ ಬಟ್ಟೆ ದಾನ ಕೊಟ್ಟಳು. ಚಪ್ಪಲಿ ಕೊಟ್ಟಳು. ಕುಡುಗೋಲನ್ನೂ ಕೊಟ್ಟಳು. ಒಂದು ಮಟ್ಟೆಯ ಬುಡ ಮಾತ್ರ ಕೊಡಲಿಲ್ಲ. ಖರ್ಜೂರದ ಮರದಿಂದ ಬಿದ್ದಾಗ ಅದು ತಿಜಾನಿಯ ಕೈಯಲ್ಲೇ ಇತ್ತು. ಹೆಣ ತೊಳೆದವರು ಬೆರಳು ಬಿಡಿಸಿ ತೆಗೆದರು. ಅವಳು ಅದನ್ನು ಹಿಟ್ಟಿನ ಡಬ್ಬದ ಹಿಂದೆ ಇಟ್ಟಳು.

ಮರಳುಗಾಡಿನ ಅಂಚಿನ ಊರು ನೆಫ್ತಾದ ಖರ್ಜೂರದ ತೋಟಗಳಲ್ಲಿ ಮರ ಹತ್ತಲು ಕಡಿದ ಮಟ್ಟೆಗಳ ಬುಡವೇ ಮೆಟ್ಟಿಲು. ಬರಿಗೈ, ಬರಿಗಾಲು. ತಿಜಾನಿ ಮೀಸೆ ಮೂಡುವ ಮೊದಲಿಂದ ಹಾಗೇ ಹತ್ತಿದವನು. ಬಿದ್ದ ದಿನ ತೋಟದ ಧಣಿ ಸೀ ಶಾದ್ಲಿ ಹೆಣದ ಬಾಯಿಯ ಹತ್ತಿರ ಬಗ್ಗಿದ. "ಹೆಂಡದ ವಾಸನೆ," ಅಂದ. ಅಷ್ಟೇ ಸಾಕಾಯಿತು. ಊರ ಬಾಯಿಗೆ ಮುಚ್ಚಳ ಎಲ್ಲಿದೆ.

ಆ ತೋಟದಲ್ಲಿ ಒಂದು ರೂಢಿ ಇತ್ತು. ವಸಂತದಲ್ಲಿ ಗಂಡುಹೂವನ್ನು ಹೆಣ್ಣುಮರಕ್ಕೆ ಕಟ್ಟಲು ಮೊದಲ ಸಲ ಹತ್ತುವ ಮುಂಚೆ, ಮರದಿಂದ ಬಿದ್ದು ಸತ್ತವರ ಹೆಸರುಗಳನ್ನು ಹತ್ತುವವರ ಹಿರಿಯ ಕೂಗುತ್ತಿದ್ದ. ಉಳಿದವರು ಅಂಗೈ ಎತ್ತಿ ಫಾತಿಹಾ ಪ್ರಾರ್ಥನೆ ಓದುತ್ತಿದ್ದರು. ಕುಡಿದು ಬಿದ್ದವನ ಹೆಸರು ಕೂಗುತ್ತಿರಲಿಲ್ಲ. ಹೋದ ವಸಂತದಲ್ಲಿ ತಿಜಾನಿಯ ಹೆಸರು ಬರಲಿಲ್ಲ.

ಅವಳು ಹಿರಿಯ ಖಲೀಫಾ ಕಾಕಾನ ಬಾಗಿಲಿಗೆ ಹೋದಳು. ಮಟ್ಟೆ ತೋರಿಸಿದಳು.

"ಇದರ ಒಳಗೆ ಹುಳ ತಿಂದಿದೆ ಕಾಕಾ. ಇಲ್ಲಾಂದ್ರೆ ಅವನ ಕೈಗೆ ಇದು ಕಿತ್ತು ಬರೋದಿಲ್ಲ."

ಮುದುಕ ತಿರುಗಿಸಿ ನೋಡಿದ. ಮೇಲೆಲ್ಲ ಗಟ್ಟಿ. ಕಿತ್ತ ಕಡೆ ನಾರು ಪೊರಕೆಯ ಹಾಗೆ ಕೆದರಿತ್ತು.

"ಹೊರಗೇನೂ ಕಾಣ್ತಿಲ್ಲವ್ವ."

"ಕೊಯ್ದು ನೋಡು."

"ಕೊಯ್ದ ಮೇಲೆ ತೂತು ಸಿಕ್ತು ಅನ್ನು. ಕಿತ್ತಾಗಲೇ ಇತ್ತು ಅಂತ ಯಾರು ನಂಬ್ತಾರೆ? ನೀನೇ ಕಾದ ಸರಳು ಹಾಕಿ ಕೊರೆದೆ ಅಂತಾನೆ ಶಾದ್ಲಿ. ಇರೋದು ಒಂದೇ ಮಟ್ಟೆ. ಒಂದೇ ಸಲ ಕೊಯ್ಯೋಕಾಗೋದು."

ಅದು ನಿಜವಾಗಿತ್ತು. ಅವಳು ಮಟ್ಟೆಯನ್ನು ಹೊದಿಕೆಯೊಳಗೆ ಇಟ್ಟುಕೊಂಡು ವಾಪಸ್ ಬಂದಳು.

ಗಂಡ ಹೋದ ಮೇಲೆ ಅವಳು ಪಟ್ಟಣದ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದ್ದಳು. ಸ್ಕ್ಯಾನ್ ಕೋಣೆ ಅವಳ ಪಾಲಿಗೆ ಬಂದಿತ್ತು. ಅಲ್ಲಿ ಯಂತ್ರ ನಡೆಸುವವಳು ನಬೀಹಾ. ಜನರ ತಲೆಯನ್ನು ಯಂತ್ರ ಬಿಲ್ಲೆ ಬಿಲ್ಲೆಯಾಗಿ ನೋಡುತ್ತಿತ್ತು, ಕೂದಲೂ ಕೊಂಕದಂತೆ. ಆಮೇಲೆ ಕಂಪ್ಯೂಟರಿನ ಒಂದು ಸಾಫ್ಟ್‌ವೇರ್ ಮಿದುಳಿನ ಭಾಗಗಳನ್ನು ಬೇರೆ ಮಾಡಿ ಒಂದೊಂದಕ್ಕೆ ಒಂದೊಂದು ಬಣ್ಣ ತುಂಬುತ್ತಿತ್ತು. ತೊರ್ಕಿಯಾ ಒರೆಸುತ್ತಾ ಅದನ್ನು ದಿನವೂ ನೋಡುತ್ತಿದ್ದಳು.

ಒಂದು ಶುಕ್ರವಾರ ಮಧ್ಯಾಹ್ನ ಡಾಕ್ಟರು ಕುಸ್ಕುಸ್ ಉಣ್ಣಲು ಮನೆಗೆ ಹೋಗಿದ್ದರು. ಕೋಣೆ ಖಾಲಿ. ಅವಳು ಮಟ್ಟೆಯನ್ನು ನಬೀಹಾಳ ಮೇಜಿನ ಮೇಲೆ ಇಟ್ಟಳು.

"ಇದನ್ನೂ ನೋಡು ಮಗಳೇ."

"ಚಿಕ್ಕಮ್ಮ, ಇದು ಮಿದುಳು ನೋಡೋದು. ಸೌದೆ ಅಲ್ಲ."

"ನಿನ್ನ ಯಂತ್ರಕ್ಕೆ ಏನು ಗೊತ್ತು ಒಳಗೆ ಹೋದವರು ಯಾರು ಅಂತ? ಗೋಡೆ ಯಾವುದು, ಟೊಳ್ಳು ಯಾವುದು, ಅಷ್ಟು ಗೊತ್ತು ತಾನೇ. ನನಗೆ ಅಷ್ಟೇ ಬೇಕು."

ಯಾಕೆ ಅಂತ ನಬೀಹಾ ಕೇಳಿದಳು. ತೊರ್ಕಿಯಾ ಹೇಳಿದಳು. ನಬೀಹಾ ಮಟ್ಟೆಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. ಆಮೇಲೆ ಎದ್ದಳು.

"ಯಂತ್ರ ನೆಟ್ಟಗಿದೆಯಾ ಅಂತ ದಿನಾ ನೀರಿನ ಡಬ್ಬ ಇಟ್ಟು ಪರೀಕ್ಷೆ ಮಾಡ್ತೀನಿ. ಇವತ್ತು ಡಬ್ಬದ ಪಕ್ಕ ಇದೂ ಇರಲಿ."

ತಲೆ ಇಡುವ ತೊಟ್ಟಿಲಲ್ಲಿ ಮಟ್ಟೆ ಮಲಗಿತು. ಒಳಗೆ ಹೋಗಿ ಬಂತು. ನಬೀಹಾ ಸಾಫ್ಟ್‌ವೇರ್ ಓಡಿಸಿ ಪರದೆ ನೋಡಿ ನಕ್ಕಳು.

"ಏನಂತೆ?"

"ಇದು ತೀರಾ ಮುದುಕನ ಮಿದುಳಂತೆ. ಸವೆದು ಸಣ್ಣಗಾಗಿದೆ, ನಡುವೆ ಬರೀ ನೀರು ತುಂಬಿದೆ ಅಂತಿದೆ."

"ಹಂಗಾದ್ರೆ ಸೀ ಶಾದ್ಲಿಯದೇ ಇರಬೇಕು," ಅಂದಳು ತೊರ್ಕಿಯಾ.

ನಗು ನಿಂತ ಮೇಲೆ ನಬೀಹಾಳಿಗೆ ತಪ್ಪು ಹೊಳೆಯಿತು. ಆ ಸಾಫ್ಟ್‌ವೇರ್ ಮೊದಲು ಬುರುಡೆ ಸುಲಿದು ಎಸೆಯುತ್ತಿತ್ತು, ಆಮೇಲೆ ಮಿದುಳು ಹುಡುಕುತ್ತಿತ್ತು. ಇಲ್ಲಿ ಮಟ್ಟೆಯ ಗಟ್ಟಿ ಸಿಪ್ಪೆಯನ್ನೇ ಬುರುಡೆ ಅಂದುಕೊಂಡು, ಅದರ ಕೆಳಗಿನದನ್ನೂ ಸೇರಿಸಿ ಸುಲಿದು ಎಸೆದಿತ್ತು. ಹುಳ ಕೊರೆಯುವುದು ಸಿಪ್ಪೆಯ ಕೆಳಗೇ. ಅವಳು ಸುಲಿಯುವುದನ್ನು ನಿಲ್ಲಿಸಿದಳು. ಮಿದುಳಿನ ಹೆಸರುಗಳನ್ನೆಲ್ಲ ತೆಗೆದಳು. ಕೆಲವು ಬಿಲ್ಲೆಗಳ ಮೇಲೆ ತಾನೇ ಗೆರೆ ಹಾಕಿದಳು: ಇದು ಸಿಪ್ಪೆ, ಇದು ನಾರು, ಇದು ಖಾಲಿ. ಅದನ್ನು ನೋಡಿ ಉಳಿದ ಬಿಲ್ಲೆಗಳಿಗೆ ಸಾಫ್ಟ್‌ವೇರ್ ತಾನೇ ಬಣ್ಣ ತುಂಬಿತು.

ಖಾಲಿಗೆ ಕೆಂಪು. ಈಗ ಮಟ್ಟೆ ತುಂಬ ಕೆಂಪು ಚುಕ್ಕಿ.

"ನೋಡು ಚಿಕ್ಕಮ್ಮ. ಜರಡಿ ಆಗಿದೆ ಅಂತ ತೋರಿಸಬಹುದು."

"ಇಷ್ಟೂ ಹುಳ ಕೊರೆದದ್ದಾ?"

"ಇಲ್ಲ. ಇವು ನಾರಿನ ನಡುವಿನ ಸಂದು. ಎಲ್ಲಾ ಮಟ್ಟೆಯಲ್ಲೂ ಇರುತ್ತೆ."

"ತೆಗಿ."

"ಇದ್ರೆ ಜನ ಬೇಗ ನಂಬ್ತಾರೆ."

"ಅವನ ಮೇಲೆ ಒಂದು ಸುಳ್ಳು ಹೊರಿಸಿದ್ದಾರೆ. ಅದನ್ನ ಇಳಿಸೋಕೆ ನಾನು ಇನ್ನೊಂದು ಹೊರಿಸಲಾ? ತೆಗಿ ಮಗಳೇ."

ನಬೀಹಾ ಮತ್ತೆ ಗೆರೆ ಹಾಕಿದಳು. ಚುಕ್ಕಿಗಳು ಹೋದವು. ಉಳಿದದ್ದು ಒಂದೇ ಒಂದು ಸುರಂಗ. ಹೆಬ್ಬೆರಳಿನಷ್ಟು ದಪ್ಪ. ಮಟ್ಟೆಯ ಎಡಮಗ್ಗುಲಲ್ಲಿ, ಸಿಪ್ಪೆಗೆ ಅಂಟಿಕೊಂಡು, ಕಿತ್ತ ಜಾಗದ ಹತ್ತಿರದವರೆಗೆ. ಕೊನೆಯಲ್ಲಿ ಏನೋ ಮುದುರಿ ಮಲಗಿತ್ತು.

ತೊರ್ಕಿಯಾ ಪರದೆಯನ್ನು ಮುಟ್ಟಲಿಲ್ಲ. "ಇಲ್ಲಿ ಹಿಡಿದಿದ್ದ," ಅಂದಳು. ಆಮೇಲೆ ಬಕೆಟ್ ಎತ್ತಿಕೊಂಡು ಹೋಗಿ ಉಳಿದ ನೆಲ ಒರೆಸಿದಳು.

ವಸಂತ ಬಂತು. ಹತ್ತುವವರು ಮೊದಲ ಮರದ ಕೆಳಗೆ ಸೇರಿದರು. ಹೆಂಗಸರು ಅಲ್ಲಿಗೆ ಹೋಗುವ ರೂಢಿ ಇಲ್ಲ. ತೊರ್ಕಿಯಾ ಹೋದಳು. ನಬೀಹಾ ಮುದ್ರಿಸಿ ಕೊಟ್ಟ ಚಿತ್ರದ ಹಾಳೆಯನ್ನು ನೆಲದ ಮೇಲೆ ಹಾಸಿ, ಪಕ್ಕದಲ್ಲಿ ಮಟ್ಟೆ ಇಟ್ಟಳು.

ಸೀ ಶಾದ್ಲಿ ಹಾಳೆಯನ್ನು ಕೋಲಿನಿಂದ ಸರಿಸಿದ. "ತಲೆ ನೋಡೋ ಯಂತ್ರದ್ದಂತೆ. ನಾಳೆ ಕತ್ತೆಗೆ ಕನ್ನಡಕ ಹಾಕಿಸ್ತೀಯಾ?"

"ಕತ್ತೆಗೆ ಕಣ್ಣು ಕಾಣುತ್ತೆ ಸೀ ಶಾದ್ಲಿ. ಅದಕ್ಕೆ ಬೇಡ."

ಯಾರೋ ಕೆಮ್ಮಿದ ಹಾಗೆ ನಕ್ಕರು.

"ಮಟ್ಟೆ ಎಲ್ಲರೂ ಮುಟ್ಟಿ ನೋಡಿ. ಸೀಳಿದೆಯಾ, ಅಂಟಿಸಿದೆಯಾ, ನೋಡಿ. ಆಮೇಲೆ ಕಾಕಾ, ನೀನು ಕೊಯ್ಯಿ. ಮೊದಲು ಬಲಗಡೆ. ಅಲ್ಲಿ ಏನೂ ಇಲ್ಲ. ಆಮೇಲೆ ಎಡಗಡೆ, ಕೆದರಿದ ನಾರಿನಿಂದ ಮೂರು ಬೆರಳು ಬಿಟ್ಟು. ಅಲ್ಲಿ ತೂತು ಇದೆ, ಒಳಗೆ ಹುಳ ಇದೆ. ಇಲ್ಲದಿದ್ರೆ ನಾನು ಇನ್ನೊಮ್ಮೆ ಈ ತೋಟಕ್ಕೆ ಕಾಲಿಡಲ್ಲ."

ಮಟ್ಟೆ ಕೈಯಿಂದ ಕೈಗೆ ಹೋಯಿತು. ಯಾರಿಗೂ ಸೀಳು ಸಿಗಲಿಲ್ಲ. ಖಲೀಫಾ ಕಾಕಾ ಹಲ್ಲಿನ ಕುಡುಗೋಲು ತೆಗೆದ. ಬಲಗಡೆ ಕೊಯ್ದ. ಗಟ್ಟಿ. ಎಡಗಡೆ ಅವಳು ಹೇಳಿದಲ್ಲಿ ಕೊಯ್ದ. ಕುಡುಗೋಲು ಸರ್ರನೆ ಒಳಗೆ ಇಳಿಯಿತು. ಹುಡಿ ಸುರಿಯಿತು. ಹುಡಿಯ ಜೊತೆ ಒಣಗಿದ ಗೊಣ್ಣೆಹುಳವೊಂದು ಉದುರಿತು.

ಮುದುಕ ಹಾಳೆ ನೋಡಿದ, ಹುಳ ನೋಡಿದ.

"ಹುಳ ಇರಲಿ," ಅಂದ ಸೀ ಶಾದ್ಲಿ. "ಬಾಯಿ ವಾಸನೆ?"

"ಅದು ನೀರಾ," ಅಂದಳು ತೊರ್ಕಿಯಾ. "ಮುಂಜಾನೆ ಇಳಿಸಿದ್ದು, ನಾನೇ ಬಟ್ಟಲಿಗೆ ಬಗ್ಗಿಸಿ ಕೊಟ್ಟೆ. ಬಿಸಿಲೇರೋ ಮುಂಚೆ ಅವನು ಬಿದ್ದ. ಅಷ್ಟರಲ್ಲಿ ನೀರಾ ಹೆಂಡ ಆಗೋದಾದ್ರೆ, ದಿನಾ ಅದನ್ನೇ ಕುಡಿಯೋ ನಿಮ್ಮ ಮನೆ ಮಕ್ಕಳೆಲ್ಲ ತೂರಾಡ್ಕೊಂಡೇ ಮದ್ರಸಾಕ್ಕೆ ಹೋಗಬೇಕಿತ್ತು. ಇಲ್ಲ, ಹೆಂಡವೇ ಅಂತೀರಾ? ನೀವು ಕುಡೀಬೇಡಿ. ಇಂಥದೇ ಮಟ್ಟೆ ಹಿಡಿದು ಹತ್ತಿ. ನಾನು ಇಲ್ಲೇ ನಿಂತಿರ್ತೀನಿ."

ಸೀ ಶಾದ್ಲಿ ಮರದ ಕಡೆ ನೋಡಲಿಲ್ಲ.

"ಮನೆಗೆ ಹೋಗವ್ವ," ಅಂದ ಖಲೀಫಾ ಕಾಕಾ. "ಹೆಸರು ಕೂಗೋ ಹೊತ್ತಾಯ್ತು."

"ಕೂಗು. ಕೇಳಿಸ್ಕೊಂಡೇ ಹೋಗ್ತೀನಿ."

ಮುದುಕ ಗಂಟಲು ಸರಿ ಮಾಡಿಕೊಂಡ. ಹಳಬರ ಹೆಸರುಗಳನ್ನು ಕೂಗಿದ. ಒಂದು ಗಳಿಗೆ ನಿಲ್ಲಿಸಿದ. ಧಣಿಯನ್ನು ಕೇಳಲಿಲ್ಲ.

"ಲಮೀನನ ಮಗ ತಿಜಾನಿ."

ಅಂಗೈಗಳು ಎದ್ದವು. ಸೀ ಶಾದ್ಲಿಯ ಕೈ ಎದ್ದಿತೋ ಇಲ್ಲವೋ, ತೊರ್ಕಿಯಾ ನೋಡಲಿಲ್ಲ. ತನ್ನ ಅಂಗೈ ನೋಡಿಕೊಂಡು ಓದಿದಳು.

ಆಮೇಲೆ ಬಗ್ಗಿ, ಮಟ್ಟೆಯನ್ನು ಮರದ ಬುಡಕ್ಕೆ ಒರಗಿಸಿ ಇಟ್ಟಳು. ತೂತು ಎಲ್ಲರ ಕಣ್ಣಿಗೆ ಬೀಳುವ ಹಾಗೆ.

"ಯಾರೂ ತೆಗೀಬೇಡಿ," ಅಂದಳು.

ಅವರು ಅದನ್ನು ದಾಟಿಕೊಂಡೇ ಹತ್ತಿದರು.