ಅಕ್ಕನ ಕೈಯಲ್ಲಿ ಮಾತ್ರ ಹಿಂದೆ ಬೀಳುತ್ತಿದ್ದ ವಾಚು

ನನ್ನ ಅಕ್ಕ ಟಿಕೋಟಾದ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ನಾನು ಸಾರವಾಡದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಅವಳು ಮದುವೆಯಾಗಲಿಲ್ಲ. ನನ್ನ ಮದುವೆ ಬಹಳ ದಿನ ಬಾಳಲಿಲ್ಲ. ಗಂಡ ತೀರಿಕೊಂಡ ಮೇಲೆ ವಿಜಯಪುರದಲ್ಲಿ ಅವಳ ಬಾಡಿಗೆ ಮನೆಗೇ ಬಂದು ಸೇರಿದೆ. ಬೆಳಿಗ್ಗೆ ಇಬ್ಬರೂ ಕೂಡಿಯೇ ಬಸ್‌ಸ್ಟ್ಯಾಂಡಿಗೆ ನಡೆಯುತ್ತಿದ್ದೆವು. ಅಲ್ಲಿಂದ ಅವಳದೊಂದು ದಿಕ್ಕು, ನನ್ನದೊಂದು.

ಅವಳ ಎಡಗೈಯಲ್ಲಿ ಒಂದು ಹಳೆಯ ಆಟೊಮ್ಯಾಟಿಕ್ ವಾಚು ಇರುತ್ತಿತ್ತು. ಮುಂಬೈ ಬಂದರಿನಲ್ಲಿ ಕೆಲಸಕ್ಕಿದ್ದ ನಮ್ಮ ಸೋದರಮಾವ, ಅವಳಿಗೆ ನೌಕರಿ ಸಿಕ್ಕಾಗ ತನ್ನ ಕೈಯಿಂದ ಬಿಚ್ಚಿ ಕೊಟ್ಟದ್ದು. ಗಂಡಸರ ವಾಚು, ಬಿಲ್ಲೆ ದೊಡ್ಡದು. ಅದಕ್ಕೆ ಸೆಲ್ ಬೇಡ, ದಿನಾ ಚಾವಿ ಕೊಡುವ ಗೋಜೂ ಇಲ್ಲ. ಒಳಗೆ ಅರ್ಧ ಚಂದ್ರನ ಆಕಾರದ ಒಂದು ತೂಕವಿರುತ್ತದೆ. ಕಟ್ಟಿಕೊಂಡವರ ಕೈ ಆಡಿದಂತೆಲ್ಲ ಅದು ತಿರುಗಿ ಸ್ಪ್ರಿಂಗನ್ನು ಸುತ್ತುತ್ತದೆ. ನಾಡಿ ನೋಡಲು, ಸಲೈನಿನ ಹನಿ ಎಣಿಸಲು, ಕೂಸು ಹುಟ್ಟಿದ ವೇಳೆ ಬರೆಯಲು ಅಕ್ಕ ಅದನ್ನೇ ನಂಬಿದ್ದಳು. ಮೊಬೈಲ್ ಬಂದ ಮೇಲೂ ನಂಬಿಕೆ ಬದಲಾಗಲಿಲ್ಲ.

ಒಂದು ಸಂಜೆ ಅವಳು ಮುಖ ಗಂಟಿಕ್ಕಿಕೊಂಡು ಬಂದಳು. ಅಂದು ಬಿಜ್ಜರಗಿಯ ಹೆಣ್ಣುಮಗಳೊಬ್ಬಳಿಗೆ ಹೆರಿಗೆಯಾಗಿತ್ತು. ಅಕ್ಕ ಹೇಳಿದ ವೇಳೆಗೂ ಹೊರಗೆ ನಿಂತ ಕೂಸಿನ ಅಪ್ಪ ಅಳು ಕೇಳಿದ ಕೂಡಲೇ ಮೊಬೈಲಿನಲ್ಲಿ ನೋಡಿಟ್ಟುಕೊಂಡ ವೇಳೆಗೂ ತಾಳೆಯಾಗಲಿಲ್ಲವಂತೆ. ಜಾತಕ ಬರೆಸುವವರು, ನಿಮಿಷಕ್ಕೂ ಬಿಡುವವರಲ್ಲ.

"ಸಿಸ್ಟರ್, ನಿಮ್ಮ ವಾಚ್ ಹಿಂದ ಐತಿ ನೋಡ್ರಿ, ಅಂದ. ಎಲ್ಲಾರ ಮುಂದ ಅಂದ," ಎಂದಳು ಅಕ್ಕ. "ಇಷ್ಟ್ ವರ್ಸದಾಗ ಯಾರೂ ಅಂದಿರಲಿಲ್ಲ."

ಮರುವಾರ ಗಡಿಯಾರದ ಅಂಗಡಿಗೆ ಹೋದೆವು. ರಿಪೇರಿಯವನು ಬಿಚ್ಚಿ, ಎಣ್ಣೆ ಹಾಕಿ, ಕೆಲವು ದಿನ ತನ್ನ ಬಳಿಯೇ ಇಟ್ಟುಕೊಂಡ. ಅವನ ಮಷೀನಿನ ಮೇಲೆ ತಿರುಗುತ್ತಿರುವಷ್ಟು ದಿನವೂ ವಾಚು ಸರಿಯಾಗಿ ನಡೆಯಿತು. ಅಕ್ಕನ ಕೈಗೆ ಬಂದ ನಾಲ್ಕಾರು ದಿನಕ್ಕೆ ಮತ್ತೆ ಹಿಂದೆ. ಮೊದಲು ಸ್ವಲ್ಪ, ಆಮೇಲೆ ಇನ್ನೂ ಸ್ವಲ್ಪ. ಕಡೆಗೆ ರವಿವಾರ ಮಧ್ಯಾಹ್ನ ಅವಳು ಮಲಗಿ ಎದ್ದರೆ ನಿಂತೇ ಬಿಟ್ಟಿರುತ್ತಿತ್ತು. ಎರಡನೆಯ ಸಲ ಒಯ್ದಾಗ ರಿಪೇರಿಯವನಿಗೂ ಬೇಸರ ಬಂತು.

"ನನ್ನ ಕಡೆ ಇದ್ದಾಗ ಚೊಲೊ ನಡೀತೈತ್ರಿ ಬಾಯಾರ. ಕೆಲವೊಬ್ಬರ ಮೈಯಾಗ ಕಾವು ಭಾಳ ಇರತೈತಿ. ಅವರಿಗಿ ವಾಚ್ ಹೊಂದಂಗಿಲ್ಲ."

"ಇಷ್ಟ್ ದಿನಾ ಹೊಂದಿತ್ತಲ್ಲೋ ತಮ್ಮಾ," ಎಂದಳು ಅಕ್ಕ. ಅವನು ವಾಚನ್ನು ಅವಳ ಮುಂದೆ ಸರಿಸಿ ಮುಂದಿನ ಗಿರಾಕಿಯತ್ತ ತಿರುಗಿದ.

ಹಟಕ್ಕೆ ಬಿದ್ದು ನಾನೇ ಕಟ್ಟಿಕೊಂಡೆ. ಸಾರವಾಡದ ಬಸ್ಸು ಹತ್ತಿ ಇಳಿದೆ, ಬೋರ್ಡು ಒರೆಸಿದೆ, ಮಕ್ಕಳಿಗೆ ಡ್ರಿಲ್ ಹೇಳಿಕೊಟ್ಟೆ. ವಾರವಿಡೀ ವಾಚು ಮೊಬೈಲಿನ ಜೊತೆಜೊತೆಗೇ ನಡೆಯಿತು. ಶನಿವಾರ ಮನೆಗೆ ಬಂದವಳೇ ಗೆದ್ದವಳಂತೆ ಕೈ ಮುಂದೆ ಚಾಚಿದೆ.

"ನೋಡ ಯಕ್ಕಾ, ನನ್ನ ಕೈಯಾಗ ಬರೋಬ್ಬರಿ ಐತಿ. ನಿನ್ನ ಮ್ಯಾಲ ಇದಕ್ಕ ಸಿಟ್ಟ್ ಬಂದೈತಿ."

ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ನನ್ನ ಮಣಿಕಟ್ಟು ಹಿಡಿದುಕೊಂಡು ಬಹಳ ಹೊತ್ತು ಮುಳ್ಳು ತಿರುಗುವುದನ್ನೇ ನೋಡಿದಳು. ಆಮೇಲೆ ವಾಚು ಬಿಚ್ಚಿಕೊಂಡು ತನ್ನ ಕೈಗೆ ಕಟ್ಟಿಕೊಂಡಳು. ಬಕಲು ಹಾಕಲು ಬಹಳ ಹೊತ್ತು ಹಿಡಿಯಿತು. ನಾನು ನೆರವಿಗೆ ಹೋದರೆ "ಬಿಡ, ನಾ ಹಾಕ್ಕೊಂತೀನಿ" ಎಂದಳು.

ಅದರ ನಂತರ ವಾಚಿನ ದೂರು ನಿಂತಿತು. ಸರಿಹೋಗಿದೆ ಎಂದೇ ತಿಳಿದೆ. ಒಂದು ಮುಂಜಾನೆ ಹಾಲಿಗೆಂದು ಅಡುಗೆಮನೆಗೆ ಹೋದರೆ, ಅಕ್ಕ ಒಲೆಯ ಮುಂದೆ ನನಗೆ ಬೆನ್ನು ಮಾಡಿ ನಿಂತಿದ್ದಳು. ವಾಚು ಬಲಗೈಯಲ್ಲಿತ್ತು. ಪಾದರಸದ ಥರ್ಮಾಮೀಟರ್ ಝಾಡಿಸುತ್ತಾರಲ್ಲ, ಹಾಗೆ ಝಾಡಿಸುತ್ತಿದ್ದಳು. ಕೈ ಸೋತಾಗ ನಿಲ್ಲಿಸಿ ಕಿವಿಗೆ ಹಿಡಿದಳು, ಮತ್ತೆ ಝಾಡಿಸಿದಳು. ಪಕ್ಕದಲ್ಲಿ ಹಾಲು ಸೀದು ಕರ್ರಗಾಗಿತ್ತು. ನಡುಮನೆಯವರೆಗೂ ಕಮಟು ವಾಸನೆ. ಅವಳ ಮೂಗಿಗೆ ಅದು ತಟ್ಟಿರಲೇ ಇಲ್ಲ.

ಆಗಿನಿಂದ ಬೇರೆ ಸಂಗತಿಗಳೂ ಕಣ್ಣಿಗೆ ಬೀಳತೊಡಗಿದವು. ಜಡೆ ಹೆಣೆಯುವಾಗ ಎಡಗೈಯ ಎಳೆ ಮತ್ತೆ ಮತ್ತೆ ಜಾರುತ್ತಿತ್ತು. ಎಡಗಾಲಿನ ಚಪ್ಪಲಿ ನೆಲಕ್ಕೆ ಉಜ್ಜಿ ಸದ್ದು ಮಾಡುತ್ತಿತ್ತು. ವಯಸ್ಸು, ದಣಿವು ಎಂದು ನಾನೇ ಉತ್ತರ ಹೇಳಿಕೊಳ್ಳುತ್ತಿದ್ದೆ.

ಒಂದು ರವಿವಾರ ಸಂತೆಗೆ ಹೊರಟಿದ್ದೆವು. ಚಪ್ಪಲಿಯ ಉಂಗುಷ್ಟ ಕಿತ್ತಿದ್ದರಿಂದ ನಾನು ತುಸು ಹಿಂದೆ ಬಿದ್ದೆ. ತಲೆ ಎತ್ತಿ ನೋಡಿದರೆ ಅಕ್ಕ ಮುಂದೆ ನಡೆದಿದ್ದಳು. ಬಲಗೈ ಎಲ್ಲರ ಕೈಯಂತೆ ಹಿಂದೆ ಮುಂದೆ ಆಡುತ್ತಿತ್ತು. ಎಡಗೈ ಮೊಣಕೈಯಲ್ಲಿ ತುಸು ಮಡಚಿ, ಸೀರೆಗೆ ಅಂಟಿಸಿದಂತೆ ಸುಮ್ಮನಿತ್ತು. ಒಂದು ಸಲವೂ ಆಡಲಿಲ್ಲ. ವಾಚು ಯಾಕೆ ಹಿಂದೆ ಬೀಳುತ್ತಿತ್ತು ಎಂಬುದು ಅಲ್ಲಿ, ಆ ರಸ್ತೆಯ ಮೇಲೆ ತಿಳಿಯಿತು.

ಓಡಿ ಹೋಗಿ ಅವಳನ್ನು ಹಿಡಿದುಕೊಂಡೆ. "ಯಕ್ಕಾ, ನಿನ್ನ ಎಡಗೈ ಆಡವಲ್ದು."

ಅವಳು ನಿಂತಳು. ಒಂದು ಟಂಟಂ ಹಾರ್ನ್ ಹೊಡೆಯುತ್ತ ನಮ್ಮನ್ನು ಬಳಸಿಕೊಂಡು ಹೋಯಿತು.

"ಗೊತ್ತೈತಿ," ಎಂದಳು.

"ಯಾವಾಗಿಂದ?"

"ವಾಚಿಗೇ ಏನೋ ಆಗೇತಿ ಅನ್ಕೊಂಡಿದ್ದೆ. ನಿನ್ನ ಕೈಯಾಗ ಅದು ಚೊಲೊ ನಡೀತಲ್ಲ, ಅವತ್ತ ಖರೇ ತಿಳೀತು. ಇಂಥವರನ್ನ ನಾ ದವಾಖಾನ್ಯಾಗ ನೋಡೇನಿ. ಹಾಸಿಗಿ ಹಿಡಿದವರನ್ನ ಮಗ್ಗಲಾ ಹೊಳ್ಳಿಸೇನಿ."

"ನನಗ ಯಾಕ ಹೇಳಲಿಲ್ಲಬೇ?"

"ಹೇಳಿದ್ರ ನೀ ಹಿಂಗ ಅಳತಿದ್ದಿ. ಈಗ ಅಳಾಕತ್ತಿ ನೋಡ," ಎಂದು ಸೆರಗಿನಿಂದ ನನ್ನ ಮುಖ ಒರೆಸಿದಳು. ಬಲಗೈಯಿಂದಲೇ ಒರೆಸಿದಳು. ನಂತರ ಸಂತೆಗೆ ಹೋಗಿ ಬದನೆಕಾಯಿ ಆರಿಸಿದೆವು. ಮತ್ತೆ ಏನು ಕೊಂಡೆವೋ ಏನು ಬಿಟ್ಟೆವೋ ನೆನಪಿಲ್ಲ.

ಡಾಕ್ಟರು ಬಹಳ ಪರೀಕ್ಷೆ ಮಾಡಲಿಲ್ಲ. ಹೆಬ್ಬೆರಳಿಗೆ ತೋರುಬೆರಳನ್ನು ಬೇಗಬೇಗ ತಟ್ಟಲು ಹೇಳಿದರು. ಬಲಗೈ ಚಿಟಿಪಿಟಿ ತಟ್ಟಿತು. ಎಡಗೈ ಶುರುವಿನಲ್ಲಿ ದೊಡ್ಡದಾಗಿ ತೆರೆದು, ಬರಬರುತ್ತ ಸಣ್ಣದಾಗಿ, ನಿಂತಿತು. ಪಾರ್ಕಿನ್ಸನ್ಸ್ ಎಂದರು. ವಾಸಿಯಾಗುವುದಿಲ್ಲ, ಗುಳಿಗೆಯಿಂದ ಕೆಲಕಾಲ ತಡೆಯಬಹುದು ಎಂದರು. ಅಕ್ಕ "ಹೌದ್ರಿ ಸರ್" ಎಂದಳು, ರೌಂಡ್ಸಿನಲ್ಲಿ ಬೇರೊಬ್ಬರ ರೋಗದ ವಿವರ ಕೇಳಿಸಿಕೊಳ್ಳುವವಳಂತೆ.

ಕೆಲಸ ಬಿಡಲು ಅವಳು ಒಪ್ಪಲಿಲ್ಲ. ಎಡಗೈ ಒಂದೇ ಅಲ್ಲವೇ, ಅಂದಳು. ಆದರೆ ಇಂಜೆಕ್ಷನ್ ಕೊಡಲು ಎರಡೂ ಕೈ ಬೇಕು. ಒಂದು ದಿನ ಪುಟ್ಟ ಮಗುವಿನ ಕೈಯಲ್ಲಿ ನರ ಸಿಗದೆ ಮತ್ತೆ ಮತ್ತೆ ಚುಚ್ಚಿದಳಂತೆ. ಮಗು ಕಿರುಚಿತು. ಅದರ ತಾಯಿ "ಬ್ಯಾರೆ ಸಿಸ್ಟರ್ ಕರೀರಿ, ಈಕಿಗಿ ಬರಂಗಿಲ್ಲ" ಎಂದು ಮಗುವನ್ನು ಕಸಿದುಕೊಂಡಳು. ಅಕ್ಕ ಟ್ರೇ ಕೆಳಗಿಟ್ಟು, ಡಾಕ್ಟರ ಕೋಣೆಗೆ ಹೋಗಿ, ಇನ್ನು ಮುಂದೆ ತನಗೆ ಸೂಜಿಯ ಕೆಲಸ ಕೊಡಬೇಡಿ ಎಂದು ತಾನೇ ಕೇಳಿಕೊಂಡಳು. ಮನೆಗೆ ಬಂದು ನನಗೆ ಇದನ್ನು ಹೇಳುವಾಗ ಅವಳ ಮುಖದಲ್ಲಿ ದುಃಖವೂ ಕಾಣಲಿಲ್ಲ. ಮುಖದ ಸ್ನಾಯುಗಳೂ ಆಗಲೇ ಗಡುಸಾಗತೊಡಗಿದ್ದವು. ನೋಡಿದವರು "ನಿಮ್ಮಕ್ಕಗ ಸೊಕ್ಕ ಬಂದೈತಿ, ಮಾತಾಡ್ಸಿದ್ರ ನಗಂಗಿಲ್ಲ" ಎನ್ನುತ್ತಿದ್ದರು.

ಆಮೇಲೆ ನಡುಕ ಬಂತು. ಎಡಗೈಯ ಬೆರಳುಗಳು ಜಪಮಣಿ ಎಣಿಸುವಂತೆ ಆಡತೊಡಗಿದವು, ನಂತರ ಮಣಿಕಟ್ಟು, ನಂತರ ಮೊಣಕೈ. ಕೂತರೂ ಆಡುತ್ತಿತ್ತು, ತೊಡೆಯ ಮೇಲಿಟ್ಟರೂ ಆಡುತ್ತಿತ್ತು. ಒಂದು ದಿನ ಚಹಾ ಕುಡಿಯುತ್ತಿದ್ದಾಗ ಅವಳು ಕೈಯಲ್ಲಿದ್ದ ವಾಚಿನ ಪಕ್ಕಕ್ಕೆ ನನ್ನ ಮೊಬೈಲನ್ನು ಹಿಡಿದು ನೋಡಿದಳು.

"ನೋಡ. ಎಷ್ಟ್ ಬರೋಬ್ಬರಿ ನಡ್ಯಾಕತ್ತೈತಿ."

ನಿಜವಾಗಿತ್ತು. ಮಾವ ಕೊಟ್ಟ ದಿನಗಳಲ್ಲಿ ನಡೆದಂತೆ ನಡೆಯುತ್ತಿತ್ತು. ಆಡುವುದನ್ನೇ ಬಿಟ್ಟಿದ್ದ ಕೈ ಈಗ ನಿಲ್ಲುವುದನ್ನು ಮರೆತಿತ್ತು, ವಾಚಿಗೆ ಬಿಡುವಿಲ್ಲದೆ ಚಾವಿ ಸಿಗುತ್ತಿತ್ತು. ನಾನು ಬಸಿಯಲ್ಲಿದ್ದ ಚಹಾ ಊದಿ ಆರಿಸತೊಡಗಿದೆ.

"ಬಿಚ್ಚ ಇದನ್ನ," ಎಂದಳು ಅಕ್ಕ. "ನನ್ನ ಬ್ಯಾನಿ ತಿಂದು ನಡಿಯೂ ವಾಚ್ ನನಗ ಬ್ಯಾಡ."

"ಮಾವ ಕೊಟ್ಟದ್ದಬೇ."

"ಮಾವನೂ ಇಲ್ಲ. ಬಿಚ್ಚ ಅಂದೆ."

ಬಿಚ್ಚಿದೆ. ಪಟ್ಟಿ ಇದ್ದ ಜಾಗದಲ್ಲಿ ಚರ್ಮ ಮಾತ್ರ ಬೆಳ್ಳಗೆ, ಎಳೆಯದಾಗಿ ಉಳಿದಿತ್ತು. ವಾಚನ್ನು ಕಪಾಟಿನಲ್ಲಿಟ್ಟೆ. ಅದು ಯಾವಾಗ ನಿಂತಿತೋ ಇಬ್ಬರೂ ನೋಡಲಿಲ್ಲ.

ಅಂದಿನಿಂದ ಮನೆಯಲ್ಲಿ ಗುಳಿಗೆಯ ವೇಳೆಯೇ ವೇಳೆ. ಮೊಬೈಲ್ ಬಡಿದುಕೊಂಡಾಗ ಕೊಡಬೇಕು. ತಡವಾದರೆ ಅಕ್ಕ ಇದ್ದಲ್ಲೇ ಕಟ್ಟಿಗೆಯಾಗುತ್ತಾಳೆ. ಅವಳು ನೌಕರಿ ಬಿಟ್ಟಳು. ಹೊಸ್ತಿಲ ಬಳಿ ಬಂದರೆ ಕಾಲು ನೆಲಕ್ಕೆ ಬೇರು ಬಿಟ್ಟಂತೆ ನಿಂತುಬಿಡುತ್ತಿತ್ತು. ನೆಲದ ಮೇಲೆ ಅಡ್ಡಗೆರೆ ಎಳೆದರೆ ಅದನ್ನು ದಾಟಲು ಕಾಲು ಏಳುತ್ತದೆ ಎಂದು ಡಾಕ್ಟರು ಹೇಳಿದ್ದರು. ಸೀಮೆಸುಣ್ಣದಿಂದ ಹಾಸಿಗೆಯಿಂದ ಬಚ್ಚಲಿನವರೆಗೂ ಗೆರೆ ಎಳೆದೆ. ಅಕ್ಕ ಒಂದೊಂದೇ ದಾಟಿ ನಡೆದಳು. ಆ ದಿನ ಇಬ್ಬರೂ ಹೋಳಿಗೆ ಮಾಡಿಕೊಂಡು ಉಂಡೆವು. ಒಂದು ವರ್ಷದ ಮೇಲೆ ಗೆರೆಗಳೂ ಕೆಲಸಕ್ಕೆ ಬಾರದಾದವು. ಅವಳು ಎರಡು ಸಲ ಬಿದ್ದಳು. ಎರಡನೆಯ ಸಲ ಸೊಂಟ ಮುರಿಯಿತು. ಅಲ್ಲಿಂದ ಮುಂದೆ ಮಂಚವೇ. ನಾನು ಶಾಲೆಗೆ ಹೋದಾಗ ನೋಡಿಕೊಳ್ಳಲು ಅರಕೇರಿಯ ಹೆಂಗಸೊಬ್ಬಳು ಬರುತ್ತಾಳೆ.

ದನಿಯೂ ಸಣ್ಣಗಾಗಿದೆ. ಬಾಯಿಯ ಹತ್ತಿರ ಕಿವಿ ಒಯ್ದರೆ ಮಾತ್ರ ಕೇಳುತ್ತದೆ. ರವಿವಾರ ಅವಳ ತಲೆಗೆ ನೀರು ಹಾಕುತ್ತೇನೆ. ಕುರ್ಚಿಗೆ ಸೀರೆಯಿಂದ ಕಟ್ಟಿ ಕೂರಿಸಬೇಕು, ಇಲ್ಲವಾದರೆ ಪಕ್ಕಕ್ಕೆ ಜಾರುತ್ತಾಳೆ. ಕಳೆದ ರವಿವಾರ ನೀರು ಹಾಕುತ್ತಿದ್ದಾಗ ಅವಳ ತುಟಿ ಅಲ್ಲಾಡಿತು. ಬಗ್ಗಿ ಕಿವಿ ಕೊಟ್ಟೆ.

"ಏನಬೇ? ಬಿಸಿ ಭಾಳ ಆತೇನು?"

"ಇಲ್ಲ," ಎಂದಳು. ಉಸಿರು ತಂದುಕೊಳ್ಳಲು ಬಹಳ ಹೊತ್ತು ಹಿಡಿಯಿತು. "ಚೊಲೊ ಐತಿ. ಇನ್ನೊಂದ್ ತಂಬಗಿ ಹಾಕ."