ಹೊತ್ತು ಮುಳುಗುವ ಮುನ್ನ ಕೇಳಿದ ಓಟು

ವಡಗಾವಿಯ ಸೀರೆ ವ್ಯಾಪಾರಿ ಧನಪಾಲ ಮಾವ ೧೯೨೬ರಲ್ಲಿ ಮುಂಬಯಿ ಕೌನ್ಸಿಲ್ಲಿನ ಚುನಾವಣೆಗೆ ನಿಂತರು, ಎರಡು ಪಕ್ಷಗಳ ನಡುವೆ ಮೂರನೆಯವರಾಗಿ. ಉಳಿದಿಬ್ಬರು ಖಾನಾಪುರದ ಹಳ್ಳಿಗಳಲ್ಲಿ ಗಂಡಸರು ಹೊಲದಿಂದ ಬಂದ ಮೇಲೆ ದೀವಟಿಗೆ ಹಚ್ಚಿ ಸಭೆ ಮಾಡುತ್ತಿದ್ದರು. ಮಾವ ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. ಹಾಗಾಗಿ ಮಧ್ಯಾಹ್ನವೇ ಮನೆಮನೆಗೆ ಹೋಗಿ, ಕರೆದಲ್ಲಿ ಉಂಡು, ಬೆಳಕಿರುವಾಗಲೇ ಮರಳುತ್ತಿದ್ದರು. ಆ ಹೊತ್ತಿಗೆ ಮನೆಯಲ್ಲಿ ಸಿಗುತ್ತಿದ್ದವರು ಹೆಂಗಸರು ಮಾತ್ರ. ಪೇಟೆಯವರೆಲ್ಲ ನಕ್ಕರು.

ನಗಲಿ ಬಿಡಿ. ಬೀಡಿ ಊರಿನ ಮತದಾರರ ಪಟ್ಟಿಯಲ್ಲಿ, ಹೊಲ ತಮ್ಮ ಹೆಸರಿನಲ್ಲಿದ್ದುದರಿಂದ ಓಟಿನ ಹಕ್ಕು ಸಿಕ್ಕಿದ್ದ ಏಳು ವಿಧವೆಯರಿದ್ದರು. ಅದನ್ನು ಗಮನಿಸಿದವರು ಮಾವ ಒಬ್ಬರೇ. ಮತದಾನದ ದಿನ ಏಳೂ ಜನ ಒಂದೇ ಚಕ್ಕಡಿಯಲ್ಲಿ ಹಾಡುತ್ತ ಬಂದು ಓಟು ಹಾಕಿದರು.

ಮಾವ ಸೋತರು, ಚೆನ್ನಾಗಿಯೇ ಸೋತರು. ಮರುವಾರ ಉಪಕಾರ ನೆನೆಯಲು ಬೀಡಿಗೆ ಹೋದರೆ, ಏಳು ಜನರಲ್ಲಿ ಹಿರಿಯರಾದ ಅಕ್ಕಾತಾಯಿ ಒಮ್ಮೆ ಬಿಸಿಲು ನೋಡಿ ತಾಟು ಇಟ್ಟರು. ಉಳಿದ ಆರು ಜನ ಆಗಲೇ ಒಳಗೆ ಕೂತಿದ್ದರು. ಅಕ್ಕಾತಾಯಿ ಅಂದರು:

"ಹೊತ್ತು ಮುಳುಗಾಕ ಇನ್ನೂ ವ್ಯಾಳೆ ಐತಿ, ಕುಂದರ್ರಿ. ಗೆದ್ದವರು ಈ ಕಡೆ ಹಾಯಲಿಲ್ಲ, ಸೋತ ನೀವು ಬಂದ್ರಿ. ಮುಂದಿನ ಸಲ ನಾ ನಿಂದರ್ತೀನ್ರೀ. ಓಟು ಕೇಳಾಕ ನೀವು ಅಡ್ಡಾಡ್ರಿ."